ಇಪ್ಪತ್ತೊಂದನೆಯ ಉಂಡಿ

ಸಂಶಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೂರನೆಯ ದಿನ ರೇವವ್ವನ ಹೆಸರು ಬರುತ್ತದೆ. ಅಂಟಿನ ಉಂಡಿಯನ್ನು ಎಲ್ಲರ ಮನೆಯಲ್ಲೂ ಕಟ್ಟುತ್ತಾರೆ. ಆದರೆ ರೇವವ್ವ ಕಟ್ಟಿದ್ದನ್ನು ಮುರಿದರೆ ಸರಿಯಾಗಿ ಎರಡು ಹೋಳಾಗುತ್ತದೆ, ಪುಡಿ ಉದುರುವುದಿಲ್ಲ. ಒಣ ಕೊಬ್ಬರಿ ಇಷ್ಟು, ಉತ್ತತ್ತಿ ಇಷ್ಟು, ಬೆಲ್ಲದ ಪಾಕ ಇಷ್ಟೇ ಹೊತ್ತು, ಕೊನೆಗೆ ಹುರಿದ ಗಸಗಸೆ ಎರಡು ಮುಷ್ಟಿ. ಗಂಡ ಶಂಭುಲಿಂಗಪ್ಪ ತೀರಿಕೊಂಡು ಇಪ್ಪತ್ತಾರು ವರ್ಷವಾಯಿತು. ಅಂದು ಹೊಟ್ಟೆಪಾಡಿಗೆ ಹಿಡಿದ ಈ ಕೆಲಸದಲ್ಲಿ ಇಂದಿನವರೆಗೆ ಈ ಪ್ರಮಾಣ ಒಮ್ಮೆಯೂ ತಪ್ಪಿಲ್ಲ. ಓದು ಅಂದರೆ ಅವಳಿಗೆ ಅಂಕಿಗಳು ಗೊತ್ತು, ತನ್ನ ಹೆಸರು ಬರೆಯುವುದು ಗೊತ್ತು, ಅಷ್ಟೆ. ಎಣಿಕೆಯಲ್ಲಿ ಮಾತ್ರ ಅವಳ ತಪ್ಪನ್ನು ಯಾರೂ ಹಿಡಿದಿಲ್ಲ.

ಅಂಥ ರೇವವ್ವ ತಾನೇ ಕಟ್ಟಿದ ಉಂಡಿಗೆ ಹೆದರಿ ಕೂತದ್ದು ಹೋದ ಬೇಸಿಗೆಯಲ್ಲಿ.

ಅವಳ ಮಗ ಗೌರೀಶ ಸಾಮಾನು ಹೇರುವ ಟೆಂಪೋ ಓಡಿಸುತ್ತಾನೆ. ಸೊಸೆ ರಾಜೇಶ್ವರಿಗೆ ಅಂಗನವಾಡಿಯಲ್ಲಿ ಕೆಲಸ. ಅವರ ಒಬ್ಬಳೇ ಮಗಳು ಸುನಿತಾ ಹುಬ್ಬಳ್ಳಿ ಕಡೆಯ ಒಂದು ವಸತಿ ಶಾಲೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದಳು. ಆ ಶಾಲೆಯಲ್ಲಿ ಶನಿವಾರಕ್ಕೊಮ್ಮೆ ಸ್ಪ್ಯಾನಿಶ್ ಭಾಷೆ ಕಲಿಸುತ್ತಿದ್ದರು. ಚೆನ್ನಾಗಿ ಕಲಿತ ಎಂಟು ಮಕ್ಕಳನ್ನು ರಜೆಯಲ್ಲಿ ನಾಲ್ಕು ವಾರ ಸ್ಪೇನ್ ದೇಶಕ್ಕೆ ಕಳಿಸುವುದೆಂದು ನಿಶ್ಚಯವಾಯಿತು. ಖರ್ಚೆಲ್ಲ ಶಾಲೆಯ ಟ್ರಸ್ಟಿನವರದು. ಅಲ್ಲಿ ಒಬ್ಬೊಬ್ಬರೂ ಒಂದೊಂದು ಮನೆಯಲ್ಲಿರಬೇಕು. ಉಣ್ಣುವುದು, ಮಲಗುವುದು, ಸಂತೆಗೆ ಹೋಗುವುದು ಎಲ್ಲ ಆ ಮನೆಯವರ ಸಂಗಡ. ಆಡುವ ಮಾತು ಸ್ಪ್ಯಾನಿಶ್ ಒಂದೇ. ಕನ್ನಡ ಹೋಗಲಿ, ಇಂಗ್ಲಿಷನ್ನೂ ಬಾಯಲ್ಲಿ ತರುವಂತಿಲ್ಲ. ಫೋನು ಟೀಚರ ಕೈಯಲ್ಲಿ, ಭಾನುವಾರ ಮಾತ್ರ ಅರ್ಧ ತಾಸು ಮನೆಗೆ ಮಾತಾಡಬಹುದು.

“ಹೊಟ್ಟಿ ನೋವು ಬಂದ್ರ ಹುಡಗಿ ಯಾವ ಮಾತಿನಾಗ ಅಳಬೇಕ?” ಎಂದು ರೇವವ್ವ ಕೇಳಿದಳು.

“ಅಳಾಕ ಮಾತ ಯಾಕ ಬೇಕ್ರಿ ಅತ್ತಿ?” ಎಂದಳು ರಾಜೇಶ್ವರಿ.

ಸುನಿತಾ ನಕ್ಕಳು. “ಅಜ್ಜಿ, ‘ಮೇ ದುಎಲೆ’ ಅಂತೀನಿ. ನೋಯಾಕತ್ತೈತಿ ಅಂತ ಅದರ ಅರ್ಥ. ನೀನೂ ಒಮ್ಮೆ ಅನ್ನು ನೋಡೂಣು.”

ರೇವವ್ವ ಅನ್ನಲಿಲ್ಲ. ಆದರೆ ಆ ಎರಡು ಮಾತನ್ನು ಮರೆಯಲೂ ಇಲ್ಲ.

ಹನ್ನೆರಡು ದಿನ ಅತ್ತೆ ಸೊಸೆ ಬೇಕಾದಷ್ಟೇ ಮಾತಾಡಿದರು. ಹುಡುಗಿಯನ್ನು ಕಳಿಸಬೇಡಿರೆಂದು ರೇವವ್ವ. “ನಾನಂತೂ ಹುಬ್ಬಳ್ಳಿ ದಾಟಲಿಲ್ಲ, ನನ್ನ ಮಗಳೂ ದಾಟಬಾರದೇನ್ರಿ?” ಎಂದು ರಾಜೇಶ್ವರಿ. ಗೌರೀಶ ಟೆಂಪೋ ತೊಳೆಯುವ ನೆಪದಲ್ಲಿ ಹೊರಗೇ ಇರುತ್ತಿದ್ದ. ಕಡೆಗೆ ರಾಜೇಶ್ವರಿ ಗೆದ್ದಳು. ರೇವವ್ವ ಮಾತು ಬಿಟ್ಟು ಕೊಬ್ಬರಿ ತುರಿಯಲು ಕೂತಳು.

ಇಪ್ಪತ್ತೊಂದು ಉಂಡಿ ಕಟ್ಟಿದಳು. ಸ್ಟೀಲ್ ಡಬ್ಬಿಯಲ್ಲಿ ಏಳೇಳರ ಮೂರು ಸಾಲು. ಅದು ಎಲ್ಲರ ಎದುರಿಗೆ ಕಟ್ಟಿದ್ದು. ಯಾರಿಗೂ ಹೇಳದೆ ಇನ್ನೊಂದು ಕೆಲಸ ಮಾಡಿದಳು. ಸುನಿತಾ ಸಣ್ಣಾಕಿ ಇದ್ದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದವಳು, ವಸತಿ ಶಾಲೆಯಲ್ಲೂ ಮಗ್ಗುಲಲ್ಲಿ ಗೆಳತಿಯರಿದ್ದರು. ಅಂಜಿಕೆಯಾಗಿ ನಿದ್ದೆ ಬಾರದ ದಿನ ರೇವವ್ವ ಗಸಗಸೆಯನ್ನು ಹಾಲಲ್ಲಿ ಕುದಿಸಿ ಕುಡಿಸುತ್ತಿದ್ದಳು. ಗುರುತು ಪರಿಚಯವಿಲ್ಲದ ಮನೆಯಲ್ಲಿ ಹುಡುಗಿಗೆ ನಿದ್ದೆ ಹೇಗೆ ಬಂದೀತು? ಮೂರು ಚಮಚ ಗಸಗಸೆ ಹುರಿದು, ತನ್ನ ಹಳೆಯ ಸೀರೆಯ ಬಿಳಿ ತುಂಡಿನಲ್ಲಿ ಗಂಟು ಕಟ್ಟಿ, ಸುನಿತಾಳ ಸ್ವೆಟರಿನ ಒಳಕಿಸೆಯಲ್ಲಿಟ್ಟು ಏಳು ಹೊಲಿಗೆ ಹಾಕಿದಳು. ಕಾಳು ಬೀಜ ಒಯ್ಯಬಾರದೆಂದು ಶಾಲೆಯವರು ಕೊಟ್ಟ ಕಾಗದದಲ್ಲಿ ಇತ್ತಂತೆ. ಹುರಿದದ್ದು ಮೊಳೆಯುವುದಿಲ್ಲ, ಮೊಳೆಯದ್ದು ಬೀಜವಲ್ಲ ಎಂದು ತನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡಳು. ಊರು ಮುಟ್ಟಿದ ಮೇಲೆ ಭಾನುವಾರದ ಫೋನಿನಲ್ಲಿ ಹೇಳಿದರಾಯಿತು.

ಸೋಮವಾರ ಸಂಜೆ ಎಂಟು ಮಕ್ಕಳು, ಇಬ್ಬರು ಟೀಚರು ಹುಬ್ಬಳ್ಳಿಯಲ್ಲಿ ರೈಲು ಹತ್ತಿದರು. ಮರುದಿನ ಸಂಜೆ ಬೆಂಗಳೂರಿನಿಂದ ವಿಮಾನ. ನಡುವೆ ದುಬೈಯಲ್ಲಿ ಇಳಿದು, ಆರು ತಾಸು ಕೂತು, ಬೇರೆ ವಿಮಾನ ಹತ್ತಬೇಕು.

ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಜು ಮನೆಯ ಬಾಷಾಸಾಬ ಬಂದ. ದುಬೈಯಲ್ಲಿ ಹನ್ನೊಂದು ವರ್ಷ ಡ್ರೈವರನಾಗಿದ್ದು, ಈಗ ಊರಲ್ಲಿ ಪಂಕ್ಚರ್ ಅಂಗಡಿ ಇಟ್ಟವನು. ಅವನ ಮಗಳು ಹಡೆದು ನಾಲ್ಕು ದಿನವಾಗಿತ್ತು. ರೇವವ್ವ ಕಟ್ಟೆಯ ಮೇಲೆ ಕೂತು ಗಸಗಸೆ ಸೋಸುತ್ತಿದ್ದಳು.

“ದೊಡ್ಡವ್ವಾ, ಶಾಲಿ ಹುಡಗಿಗೆ ಬಾಣಂತಿ ಉಂಡಿ ಕಟ್ಟಿ ಕಳಿಸೀರಂತ! ಖರೇ ಬಾಣಂತಿಗೆ ಏನಾರ ಉಳದೈತೋ ಇಲ್ಲೋ?”

“ನಿನ್ನ ಮಗಳದ ಸೋಸಾಕತ್ತೇನಿ, ಕುಂಡ್ರು. ಹೊಸಾ ಮಂದಿ ನಡುವ ಹೋದಾಕಿ ಮೈನೂ ಬಾಣಂತಿ ಮೈ ಇದ್ದಂಗ ತಮ್ಮಾ.”

ಬಾಷಾಸಾಬ ಒಂದು ಚಿಟಿಕೆ ಗಸಗಸೆ ಎತ್ತಿ ಅಂಗೈಯಲ್ಲಿ ಹರಡಿದ. “ಇದನ್ನ ನೋಡಿದ್ರ ನನಗ ಈಗೂ ಎದಿ ಝಲ್ ಅಂತೈತಿ ನೋಡ್ರಿ. ದುಬೈದಾಗ ಇದು ಸಿಕ್ರ ಜೈಲು.”

“ಯಾಕ? ಕದ್ದ ಮಾಲೇನ ಇದು?”

“ಅಫೀಮಿನ ಗಿಡದ ಬೀಜ ಅಲ್ಲೇನ್ರಿ? ನಮಗ ಪಾಯಸ, ಅವರಿಗೆ ಅಫೀಮು. ನಮ್ಮ ರೂಮಿನಾಗ ಒಬ್ಬ ಹುಡುಗ ಇದ್ದ. ಸೂಟಿಗೆ ಊರಿಗೆ ಹೋಗಿ ಹೊಳ್ಳಿ ಬರುವಾಗ ಅವರವ್ವ ಕಟ್ಟಿ ಕೊಟ್ಟಿದ್ಲಂತ, ವಿಮಾನ ಇಳಿಯೂದ್ರಾಗ ಹಿಡದ್ರು. ಅವನ ಹಾಸಿಗಿ ಎರಡ ತಿಂಗಳ ಸುತ್ತಿ ಇಟ್ಟಿದ್ವಿ. ಆಮ್ಯಾಲ ಅದರ ಮ್ಯಾಲ ಬ್ಯಾರೆಯವ ಬಂದು ಮಲಗಿದ.”

ಜರಡಿ ನಿಂತಿತು.

“ಎಷ್ಟಿತ್ತು?” ಎಂದಳು ರೇವವ್ವ.

“ಏನ್ರಿ?”

“ಅವನ ಹಂತ್ಯಾಕ ಗಸಗಸಿ ಎಷ್ಟಿತ್ತು?”

“ಯಾರಿಗೆ ಗೊತ್ತರಿ? ಒಂದ ಚಮಚ ಇದ್ರೂ ಅಷ್ಟ, ಒಂದ ಚೀಲ ಇದ್ರೂ ಅಷ್ಟ ಅಂತಿದ್ರು.” ಅಷ್ಟು ಹೇಳಿ ಅವಳ ಮುಖ ನೋಡಿದ. ಅವನ ನಗು ಇಳಿಯಿತು. “ದೊಡ್ಡವ್ವಾ... ದೊಡ್ಡ ಚೀಲದಾಗ ಇಟ್ಟೀರೋ, ಕೈಚೀಲದಾಗೋ?”

“ಸ್ವೆಟರಿನಾಗ. ವಿಮಾನದಾಗ ಥಂಡಿ ಅಂತ ಮೈಮ್ಯಾಲ ಹಾಕ್ಕೊಂಡಿರತಾಳ.”

“ದುಬೈದಾಗ ಇಳದ ಮ್ಯಾಲ ಮೈಮ್ಯಾಲಿಂದೆಲ್ಲಾ ಬಿಚ್ಚಿಸಿ ಮತ್ತೊಮ್ಮೆ ಮಷೀನಿನಾಗ ಹಾಯಿಸ್ತಾರ್ರಿ,” ಎಂದ ಬಾಷಾಸಾಬ. ಅಂದ ಮೇಲೆ, ಅನ್ನಬಾರದಿತ್ತು ಎನ್ನುವಂತೆ ಅಂಗೈಯ ಗಸಗಸೆಯನ್ನು ಒಂದೊಂದಾಗಿ ಮೊರಕ್ಕೆ ಉದುರಿಸಿದ.

ರೇವವ್ವ ಜರಡಿ ಕೆಳಗಿಟ್ಟಳು. ಸುನಿತಾ ಕಲಿತ ಮಾತೆಲ್ಲ ಸ್ಪೇನಿನ ಮನೆಗೆ. ನಡುವಿನ ಈ ಊರಿನಲ್ಲಿ ‘ಮೇ ದುಎಲೆ’ ಅಂದರೆ ಯಾರಿಗೆ ತಿಳಿದೀತು? ಕೋಟು ಹಾಕಿದ ಗಂಡಸರು ಹುಡುಗಿಯ ಸ್ವೆಟರು ಹಿಡಿದು ಕೇಳುತ್ತಾರೆ, ಇದು ಏನು, ಯಾರು ಇಟ್ಟರು? ಅವಳಿಗೆ ಗೊತ್ತೇ ಇಲ್ಲ. ಗೊತ್ತಿಲ್ಲವೆಂದರೆ ನಂಬುವವರು ಯಾರು?

ಹೇಳದೆ ಇರುವಂತಿಲ್ಲ. ಹೇಳಿದರೆ ಶಾಲೆಯವರು ಹುಡುಗಿಯನ್ನು ಬೆಂಗಳೂರಿನಿಂದಲೇ ಹೊಳ್ಳಿ ಕಳಿಸಿದರೂ ಕಳಿಸಿಯಾರು. ಆಗ ರಾಜೇಶ್ವರಿ ಏನನ್ನುತ್ತಾಳೆ? ಹನ್ನೆರಡು ದಿನ ಬೇಡ ಬೇಡ ಅಂದವಳು, ಕಡೆಗೆ ಬೇಕಂತಲೇ ಹೀಗೆ ಮಾಡಿ ತಪ್ಪಿಸಿದಳು ಎನ್ನುತ್ತಾಳೆ. ಬೆಲ್ಲದ ಪಾಕ ಬರುವಷ್ಟು ಹೊತ್ತು ರೇವವ್ವ ಹಾಗೇ ಕೂತಿದ್ದಳು. ಆಮೇಲೆ ಎದ್ದು ಮೊಬೈಲು ತಂದಳು.

ಗೋಡೆಯ ಕ್ಯಾಲೆಂಡರಿನ ಕೆಳಗೆ ಸುನಿತಾ ಟೀಚರ ನಂಬರು ದೊಡ್ಡದಾಗಿ ಬರೆದು ಹೋಗಿದ್ದಳು.

“ಕೊಡ್ರಿ, ನಾ ಮಾತಾಡ್ತೇನಿ,” ಎಂದ ಬಾಷಾಸಾಬ.

“ಬ್ಯಾಡಪಾ. ಕಟ್ಟಿದಾಕಿ ನಾನು, ನಾನ ಹೇಳತೇನಿ.”

ಒಂದೊಂದೇ ಅಂಕಿ ನೋಡಿ ಒತ್ತಿದಳು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಮಲ್ಲಮ್ಮ ಟೀಚರು ಎತ್ತಿ “ಓಲಾ!” ಎಂದರು. ಅದು ಸ್ಪ್ಯಾನಿಶ್ ನಮಸ್ಕಾರ, ರೈಲು ಹತ್ತಿದಾಗಿನಿಂದಲೇ ಅವರ ಮಾತಿನ ನಿಯಮ ಸುರುವಾಗಿತ್ತು.

“ಟೀಚರವರ, ನಾ ಸುನಿತಾನ ಅಜ್ಜಿ, ಸಂಶಿ ರೇವವ್ವ. ನಾನೊಂದ ತಪ್ಪ ಮಾಡೇನ್ರಿ. ಅದರಾಗ ಹುಡಗೀದೇನೂ ಇಲ್ಲ, ಆಕಿಗೆ ಗೊತ್ತಿಲ್ಲ. ಸ್ವೆಟರಿನ ಒಳಗಿನ ಕಿಸೆ, ಎಡಕ್ಕ. ಬಿಳಿ ಅರಿವಿ, ಏಳ ಹೊಲಿಗಿ. ಅದರಾಗ ಮೂರ ಚಮಚ ಗಸಗಸಿ ಐತಿ. ಗಂಟ ಬಿಚ್ಚಬ್ಯಾಡ್ರಿ, ಬಿಚ್ಚಿದ್ರ ಉದುರತೈತಿ. ಕಿಸೆ ಸಮೇತ ಕತ್ತರಿಸಿ ಒಗೀರಿ.”

ಆ ಕಡೆ ಟೀಚರು ಸುನಿತಾಳನ್ನು ಕೂಗಿದ್ದು ಕೇಳಿಸಿತು. ಬಟ್ಟೆ ಹರಿಯುವ ಸದ್ದು. ಆಮೇಲೆ ಸುನಿತಾಳ ದನಿ ಬಂತು, ಕನ್ನಡದಲ್ಲೇ.

“ಅಜ್ಜಿ, ಯಾಕ ಇಟ್ಟಿ?”

“ನಿದ್ದಿ ಬರಲಿ ಅಂತ.”

“ಉಂಡಿಯೊಳಗೂ ಐತಲ್ಲ?” ಎಂದಳು ಸುನಿತಾ.

“ಐತಿ. ಎರಡ ಮುಷ್ಟಿ.”

ದೊಡ್ಡ ಚೀಲಗಳನ್ನು ವಿಮಾನದವರಿಗೆ ಇನ್ನೂ ಒಪ್ಪಿಸಿರಲಿಲ್ಲ, ಅದೊಂದು ಪುಣ್ಯ. ಉಂಡಿ ಕಸಕ್ಕೆ ಹಾಕೋಣವೆಂದು ಯಾರೋ ಅಂದದ್ದು ಕೇಳಿಸಿತು. “ನಮ್ಮಜ್ಜಿ ಉಂಡಿ ಒಗಿಯಂಗಿಲ್ರಿ ಟೀಚರ್!” ಎಂದು ಸುನಿತಾ ಅಂದದ್ದೂ ಕೇಳಿಸಿತು. ಫೋನು ಇಟ್ಟರು.

ಅರ್ಧ ತಾಸಿಗೆ ಟೀಚರೇ ಫೋನು ಮಾಡಿದರು. “ಎಲ್ಲಾ ಮುಗೀತ್ರಿ ಅಜ್ಜಿ. ಗಂಟು ಕಸದ ಬುಟ್ಟಿಗೆ ಹಾಕಿದ್ವಿ. ಎಂಟು ಮಕ್ಕಳು, ನಾವಿಬ್ಬರು, ತಲಾ ಎರಡೆರಡು ಉಂಡಿ ತಿಂದು ಡಬ್ಬಿ ಖಾಲಿ ಮಾಡಿದ್ವಿ. ಡಬ್ಬೀನೂ ಇಲ್ಲೇ ಬಿಡ್ತೀವಿ. ಮಕ್ಕಳ ಕೈಬಾಯಿ ತೊಳಿಸೇವಿ. ಹೆದರಬ್ಯಾಡ್ರಿ, ಚಾರ್ಜ್ ಕಡಿಮಿ ಐತಿ, ಇನ್ನ ಫೋನ್ ಬಂದ್ ಮಾಡ್ತೀವಿ.”

“ಟೀಚರವರ, ಇಪ್ಪತ್ತೊಂದ...” ಎನ್ನುವಷ್ಟರಲ್ಲಿ ಮಾತು ಕಡಿಯಿತು. ಮತ್ತೆ ಒತ್ತಿದರೆ ಹತ್ತಲಿಲ್ಲ, ಸಂಜೆಯ ತನಕ ಎಷ್ಟು ಸಲ ಒತ್ತಿದರೂ ಹತ್ತಲಿಲ್ಲ.

ಹತ್ತು ಮಂದಿ, ತಲಾ ಎರಡು. ಇಪ್ಪತ್ತು. ರೇವವ್ವ ಕಟ್ಟಿದ್ದು ಇಪ್ಪತ್ತೊಂದು. ಒಂದು ಎಲ್ಲಿ?

“ಯಾವುದೋ ಹುಡಗ ಮೂರ ತಿಂದಿರಬೇಕ ಬಿಡ್ರಿ,” ಎಂದ ಬಾಷಾಸಾಬ. ಅವನಿಗೂ ಧೈರ್ಯವಿದ್ದಂತೆ ಕಾಣಲಿಲ್ಲ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಹೊಣೆಯೆಂಬಂತೆ ಅಂಗಡಿ ತೆರೆಯದೆ ಕಟ್ಟೆಯ ಮೇಲೇ ಕೂತ.

ಮಧ್ಯಾಹ್ನ ಒಂದಕ್ಕೆ ರಾಜೇಶ್ವರಿ ಅಂಗನವಾಡಿಯಿಂದ ಬಂದಳು. ರೇವವ್ವ ಬಾಗಿಲಲ್ಲೇ ಎಲ್ಲ ಹೇಳಿದಳು. ಗಂಟು, ಹೊಲಿಗೆ, ಬಾಷಾಸಾಬನ ರೂಮಿನ ಹುಡುಗ, ಟೀಚರ ಫೋನು, ಒಂದನ್ನೂ ಬಿಡಲಿಲ್ಲ.

ರಾಜೇಶ್ವರಿ ಚಪ್ಪಲಿ ಕೂಡ ಬಿಡದೆ ನಿಂತಿದ್ದಳು. “ಅತ್ತಿ, ಬೇಕಂತ ಮಾಡೀರೇನ್ರಿ?”

“ಇಲ್ಲವ್ವಾ.”

ರಾಜೇಶ್ವರಿ ಒಳಗೆ ಹೋದಳು. ಪಾತ್ರೆ ಸದ್ದಾಯಿತು, ನಿಂತಿತು. ಮತ್ತೆ ಹೊರಗೆ ಬಂದು ಅತ್ತೆಯ ಎದುರಿಗೆ ಕೂತು ಬೆರಳು ಮಡಚಿದಳು. “ಎಂಟ ಹುಡುಗೂರು, ಹದಿನಾರು. ಟೀಚರ ಇಬ್ಬರು, ನಾಕು. ಇಪ್ಪತ್ತ ಆತು. ನೀವು ಎಣಿಸಿದ್ದು ಇಪ್ಪತ್ತೊಂದ ಖರೇ ಏನ್ರಿ?”

“ಏಳೇಳರಂಗ ಮೂರ ಸಾಲು.”

“ನೀವು ಎಣಿಸಿದ್ದು ತಪ್ಪಿರಂಗಿಲ್ಲ,” ಎಂದಳು ರಾಜೇಶ್ವರಿ. ಅತ್ತೆಯ ಲೆಕ್ಕ ಇದೊಂದು ಸಲ ತಪ್ಪಿರಲಿ ಎಂದು ಇಬ್ಬರಿಗೂ ಆಸೆಯಿತ್ತು.

ಸಂಜೆ ವಿಮಾನ ಹೊರಡುವ ಹೊತ್ತಾಯಿತು. ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಗೌರೀಶ ಬಂದವನು ಕೇಳಿ, “ಯವ್ವಾ, ನೀ ಒಂದ ಮಾತ ಕೇಳಬಾರದಿತ್ತೇನ?” ಎಂದಷ್ಟೇ ಅಂದು ತಲೆ ಹಿಡಿದು ಕೂತ. ರೇವವ್ವ ಜಪಮಣಿ ಹಿಡಿಯಲು ಹೋದಳು. ಮಣಿ ಎಣಿಸಿದರೆ ಇಪ್ಪತ್ತಕ್ಕೆ ಬೆರಳು ನಿಲ್ಲುತ್ತಿತ್ತು.

ಬುಧವಾರ ಮಧ್ಯಾಹ್ನ ಎರಡೂವರೆಗೆ ರಾಜೇಶ್ವರಿಯ ಮೊಬೈಲಿಗೆ ಒಂದು ಫೋಟೊ ಬಂತು. ಎಂಟು ಮಕ್ಕಳು ಸಾಲಾಗಿ ನಿಂತಿದ್ದರು. ರೇವವ್ವ ಕನ್ನಡಕ ಹಾಕಿಕೊಂಡು ತಲೆ ಎಣಿಸಿದಳು, ಎಡದಿಂದ ಒಮ್ಮೆ, ಬಲದಿಂದ ಒಮ್ಮೆ. ಎಂಟು. ಸುನಿತಾ ಮೂರನೆಯವಳು. ಸ್ವೆಟರಿನ ಒಳಕಿಸೆಯ ದಾರ ಹೊರಗೆ ಇಳಿಬಿದ್ದಿತ್ತು. ಆಗ ರೇವವ್ವ ನೀರು ಕುಡಿದಳು.

ಮರುದಿನ ಬಾಷಾಸಾಬನ ಮಗಳಿಗೆ ಉಂಡಿ ಕಟ್ಟಿದಳು. ಗಸಗಸೆಯ ಬೋಗುಣಿಗೆ ಕೈ ಹಾಕುವಾಗ ಬೆರಳು ಹಿಂದಕ್ಕೆ ಬಂದವು. ಇದು ಸಂಶಿ, ಇಲ್ಲಿ ಇದು ತಪ್ಪಲ್ಲ ಎಂದು ತನಗೇ ಹೇಳಿಕೊಂಡು ಎರಡು ಮುಷ್ಟಿ ಹಾಕಿದಳು.

ಭಾನುವಾರ ನಾಲ್ಕಕ್ಕೆ ಫೋನು ಬಂತು. ಸುನಿತಾ ಒಂದೇ ಉಸಿರಿಗೆ ಮಾತಾಡಿದಳು. ಮನೆಯವಳ ಹೆಸರು ಪಿಲಾರ್. ಮೊದಲ ಎರಡು ದಿನ ಬಾಯೇ ಬರಲಿಲ್ಲ, ಉಪ್ಪು ಬೇಕಾದರೂ ಕೇಳಲಾಗದೆ ಸಪ್ಪೆ ಉಂಡಳು. ಮೂರನೆಯ ದಿನ ಸಂತೆಯಲ್ಲಿ ತಾನೇ ಟೊಮ್ಯಾಟೊ ಚೌಕಾಶಿ ಮಾಡಿದಳು, ಪಿಲಾರ್ ಚಪ್ಪಾಳೆ ತಟ್ಟಿದಳು.

“ನಿದ್ದಿ?” ಎಂದಳು ರೇವವ್ವ.

“ಬರತೈತಿ ಅಜ್ಜಿ. ಮತ್ತ ಕೇಳು, ನಿನ್ನ ಒಂದ ಉಂಡಿ ಇಲ್ಲಿತನಕ ಬಂದೈತಿ! ರೈಲಿನಾಗ ತಿನ್ನೂಣು ಅಂತ ಕಾಗದದಾಗ ಸುತ್ತಿ ಕೈಚೀಲದ ಬಾಜೂಕಿನ ಕಿಸೆದಾಗ ಇಟ್ಟಿದ್ನಿ, ಮರತೇಬಿಟ್ಟಿದ್ನಿ. ಇಲ್ಲೆ ಬಂದು ತಲಿ ಬಾಚೂ ಹಣಿಗಿ ಹುಡುಕುವಾಗ ಸಿಕ್ತು. ಪಿಲಾರಗ ಅರ್ಧ ಕೊಟ್ನಿ. ಸರಿಯಾಗಿ ಎರಡ ಹೋಳಾತು ನೋಡು, ಒಂಚೂರೂ ಪುಡಿ ಉದುರಲಿಲ್ಲ.”

ರೇವವ್ವ ಕೂತಲ್ಲೇ ತಾಸು ಎಣಿಸಿದಳು. ಆರು ತಾಸು. ಹುಡುಗಿ ಆ ಊರಿನಲ್ಲಿ ಆರು ತಾಸು ಅದನ್ನು ಮಗ್ಗುಲಲ್ಲಿಟ್ಟುಕೊಂಡು ಕೂತಿದ್ದಳು. ಮಷೀನಿನೊಳಗೆ ಅದೂ ಹಾಯ್ದು ಹೋಗಿತ್ತು. ಯಾರೋ ಒಬ್ಬ ಆ ಗಳಿಗೆಯಲ್ಲಿ ಕಣ್ಣು ಆಚೆ ತಿರುಗಿಸಿದ್ದ, ಅಷ್ಟೆ.

“ಅಜ್ಜಿ? ಯಾಕ ಸುಮ್ನಾದಿ?”

“ಸುನೀ, ಆ ಚೀಲ ಇವತ್ತ ತೊಳಿ.”

“ಪುಡಿ ಉದುರಿಲ್ಲ ಅಂದ್ನೆಲ್ಲಜ್ಜಿ.”

“ನಿನ್ನ ಕಣ್ಣಿಗೆ ಕಾಣಂಗಿಲ್ಲ ಅದು. ಕಿಸೆ ಹೊರಳಿಸಿ ತಿಕ್ಕು. ಮೂರ ನೀರಿನಾಗ ತೊಳಿ, ಬಿಸಲಿಗೆ ಹಾಕು. ಆ ಕಾಗದಾನೂ ಹೊರಗ ಒಗಿ. ಬರೂ ಹಾದೀನೂ ಅದ ಊರ ಮ್ಯಾಲ ಐತಿ.”

ರಾಜೇಶ್ವರಿ ಪಕ್ಕದಿಂದ ಬಗ್ಗಿ ಫೋನಿಗೆ ಬಾಯಿ ಕೊಟ್ಟಳು. “ಮೂರಲ್ಲ, ನಾಕ ನೀರಿನಾಗ ತೊಳಿ.”

ಫೋನು ಇಟ್ಟ ಮೇಲೆ ರೇವವ್ವ ಎದ್ದು ಕ್ಯಾಲೆಂಡರಿನ ಮುಂದೆ ನಿಂತಳು. ಹುಡುಗಿ ಹೊಳ್ಳಿ ಬರುವ ದಿನಕ್ಕೆ ಗೌರೀಶ ಕೆಂಪು ಗುರುತು ಹಾಕಿದ್ದ. ಇಂದಿನಿಂದ ಅಲ್ಲಿಯವರೆಗೆ ಬೆರಳಿಟ್ಟು ಎಣಿಸಿದಳು. ಇಪ್ಪತ್ನಾಲ್ಕು. ತನ್ನ ಎಣಿಕೆಯ ಮೇಲೇ ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದಳು.