ಹೂಂ ಅಂದವನು ನಾನಲ್ಲ

ಗೆಳೆಯರೇ, ಎಂಬತ್ತು ದಾಟಿದ ಮೇಲೆ ನೆನಪುಗಳನ್ನು ಬರೆಯಲು ಕೂತ ನನಗೆ ಇಂದು ತಕ್ಕ ಶಾಸ್ತಿಯಾಯಿತು.

ರೋಣದಿಂದ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಹೋಗಿ, ರಾಜೇಸಾಬನ ಮುಂದೆ ಮೊದಲ ಅಧ್ಯಾಯ ಓದಿದೆ. ಐವತ್ತರ ದಶಕದಲ್ಲಿ ನಮ್ಮಜ್ಜಿಯ ಕಥೆ ಕೇಳಲು ಅಂಗಳದಲ್ಲಿ ಸೇರುತ್ತಿದ್ದ ಮಕ್ಕಳಲ್ಲಿ ಈಗ ಉಳಿದವರು ನಾವಿಬ್ಬರೇ. ಕೇಳುವವರು ನಡುನಡುವೆ ಹೂಂ ಎನ್ನದಿದ್ದರೆ ಅಜ್ಜಿ ಕಥೆ ನಿಲ್ಲಿಸಿಬಿಡುತ್ತಿದ್ದಳು. ಕೊನೆಯವರೆಗೂ ಎಚ್ಚರವಿದ್ದು ಹೂಂಗುಟ್ಟುತ್ತಿದ್ದವನು ನಾನೊಬ್ಬನೇ, ಅದರಿಂದಲೇ ಕಥೆಗಾರನಾದೆ ಎಂದು ಬರೆದಿದ್ದೆ.

ಗೋಡೆಗೆ ಒರಗಿದ್ದ ರಾಜೇಸಾಬ ನೆಟ್ಟಗೆ ಕೂತ. "ಲೇ, ಸುಳ್ಳ ಬರದೀಯಲ್ಲೋ! ಹೂಂ ಅಂತಿದ್ದಾಂವ ನಾನು. ರಾಜಕುಮಾರ ಕುದುರಿ ಹತ್ತೂದ್ರಾಗ ನೀ ಗೊರಕಿ ಹೊಡೀತಿದ್ದಿ."

"ಖರೇ ಹೇಳ್ತಿಯೇನೋ?"

"ನಿನ್ನ ತಲಿ ನನ್ನ ತೊಡಿ ಮ್ಯಾಲ ಇರ್ತಿತ್ತು. ಕಾಲು ಜೋಮು ಹಿಡದ್ರೂ ಹೂಂ ಅಂತಿದ್ದೆ."

ಹಾಗಾದರೆ ಇಷ್ಟು ವರ್ಷ ಅಜ್ಜಿಯ ಹೆಸರಿನಲ್ಲಿ ಊರೂರು ಹೇಳಿದ ಕಥೆಗಳ ಕೊನೆಯೆಲ್ಲ ನಾನೇ ಕಟ್ಟಿದ್ದು!

"ಕುದುರಿ ಹತ್ತಿದಾಂವ ಮುಂದ ಏನಾದನೋ?" ಎಂದು ಕೇಳಿದೆ.

ರಾಜೇಸಾಬ ಮತ್ತೆ ಗೋಡೆಗೆ ಒರಗಿದ. "ಮರತೀನೋ. ನಿಮ್ಮಜ್ಜಿ ದನಿ ಅಷ್ಟ ನೆನಪೈತಿ."

ಹೋಗಿ ಕೇಳೋಣವೆಂದರೆ ಇನ್ನು ಯಾರೂ ಇಲ್ಲ.

ಮನೆಗೆ ಬಂದವನೇ ಆ ಅಧ್ಯಾಯವನ್ನು ಹೊಡೆದುಹಾಕಿದೆ. ನನ್ನ ಬಾಲ್ಯ ಸುಳ್ಳೆಂದು ಬಯ್ಯಬಲ್ಲವನು ಜಗತ್ತಿನಲ್ಲಿ ಅವನೊಬ್ಬನೇ ಉಳಿದಿದ್ದಾನೆ. ಆದ್ದರಿಂದ ಮುಂದಿನ ಸಲ ಅವನ ಮುಂದೆ ಓದಲಿರುವ ಎರಡನೆಯ ಅಧ್ಯಾಯದಲ್ಲಿ ಬೇಕೆಂದೇ ನಾಲ್ಕು ಸುಳ್ಳು ಸೇರಿಸುತ್ತಿದ್ದೇನೆ.