ಮೊದಲ ಸಾಲಿನಲ್ಲಿ ಇರಬೇಕಾಗಿದ್ದ ಸಂಖ್ಯೆ

ನಾಳೆ ನಿಮ್ಮ ಮಾತು ನಿಂತುಹೋದರೆ ನಿಮ್ಮ ಪರವಾಗಿ ಯಾರು ಮಾತಾಡಬೇಕು, ಗೊತ್ತು ಮಾಡಿಟ್ಟಿದ್ದೀರಾ? ಮನೆಯವರು ಅಂತ ಮಾತ್ರ ಹೇಳಬೇಡಿ.

ಖಾನಾಪುರದ ನಮ್ಮಕ್ಕನಿಗೆ ಗಂಟಲಿನ ಕ್ಯಾನ್ಸರ್. ಆಪರೇಶನ್‌ನಲ್ಲಿ ಧ್ವನಿಪೆಟ್ಟಿಗೆ ಹೋಯಿತು. ಕೈ ನಡುಗುವುದರಿಂದ ಪೆನ್ನು ಹಿಡಿಯಲಾರಳು. ನನ್ನ ಮೊಮ್ಮಗಳು ತಾನೇ ಬರೆದ ಒಂದು ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಳು. ಪರದೆಯ ಮೇಲೆ ದೊಡ್ಡ ದೊಡ್ಡ ಕನ್ನಡ ಅಕ್ಷರಗಳು. ಅಕ್ಕ ಮುಟ್ಟಿದ್ದನ್ನು ಅದು ಕೂಡಿಸಿ ಗಂಡಸಿನ ದನಿಯಲ್ಲಿ ಓದುತ್ತದೆ. ಈ ಮನೆಯಲ್ಲಿ ಗಂಡಸಿನ ದನಿ ತನ್ನ ಮಾತು ಕೇಳಿದ್ದು ಇದೇ ಮೊದಲು ಎಂದು ಅಕ್ಕ ಅದರಿಂದಲೇ ಹೇಳಿಸಿದ್ದಳು. ಅವಳನ್ನು ನೋಡಿ ನಾನೂ ಫೋನಿನಲ್ಲಿ ಟೈಪ್ ಮಾಡಲು ಕಲಿತೆ. ಈ ವಯಸ್ಸಿನಲ್ಲೂ ಅಕ್ಕನಿಗೆ ಸೋಲುವುದು ನನ್ನಿಂದಾಗದು.

ಒಂದು ಬೆಳಿಗ್ಗೆ ಪ್ರೋಗ್ರಾಮಿಗೆ ಮೊಮ್ಮಗಳು ಕಳಿಸಿದ ಅಪ್‌ಡೇಟ್ ಬಂತು. ಅಕ್ಷರಗಳೆಲ್ಲ ಮಾಯ, ಖಾಲಿ ಪರದೆ. ಅದೇ ವಾರ ಬೆಳಗಾವಿಯ ಡಾಕ್ಟರು ಇನ್ನೊಂದು ಆಪರೇಶನ್ ಮಾಡೋಣವೇ ಎಂದು ಕೇಳಿದರು. ಅಕ್ಕ ತಲೆ ಅಲ್ಲಾಡಿಸಿದಳು. ಬೇಡ ಅಂದಳೋ, ನಡುಕವೋ ತಿಳಿಯಲಿಲ್ಲ. ಅವಳ ಮಗ ಹೂಂ ಅಂದ. ನಾವೂ ಅಂದೆವು.

ಬೆಳಗಾವಿಯ ಉದ್ಯಮಬಾಗದಿಂದ ಕೆಲಸ ಮುಗಿಸಿ ನಮ್ಮ ಮನೆಗೆ ಬಂದ ಮೊಮ್ಮಗಳು ಕೂತು ನೋಡಿದಳು. ಪ್ರೋಗ್ರಾಮಿನ ಭಾಗಗಳನ್ನು ಜೋಡಿಸಿ ಪ್ಯಾಕೇಜ್ ಕಟ್ಟಲು ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆದೇಶಗಳ ಪಟ್ಟಿ, ಇರುತ್ತದಂತೆ. ಅದನ್ನು ಹಳೆಯ ನಿಯಮದಲ್ಲಿ ಓದಬೇಕೋ ಹೊಸದರಲ್ಲೋ ಎಂದು ಒಂದು ಸಂಖ್ಯೆ ಬರೆದು ತಿಳಿಸಬೇಕು. ಈ ಸಲ ಇವಳು ಅದನ್ನು ನಡುವೆಲ್ಲೋ ಬರೆದಿದ್ದಳು. ಮೇಲ್ಗಡೆ ಸಂಖ್ಯೆ ಕಾಣದ ಕಂಪ್ಯೂಟರು ಹಳೆಯದೇ ಅಂದುಕೊಂಡು, ಅಕ್ಷರಗಳ ಫೈಲನ್ನೇ ಬಿಟ್ಟು ಕಟ್ಟಿತ್ತು. ತಪ್ಪಾಯಿತು ಅಂತಲೂ ಅನ್ನಲಿಲ್ಲ. ಖಾನಾಪುರದ ಅಂಗಡಿಯವನು ನಿಮ್ಮ ಮೊದಲ ಮಾತಿನಲ್ಲೇ ಕನ್ನಡವೋ ಮರಾಠಿಯೋ ಹಿಡಿಯುತ್ತಾನೆ. ಅರ್ಧ ಸಂತೆ ಮುಗಿದ ಮೇಲೆ ತಿಳಿಸಿದರೆ ಏನು ಬಂತು?

ಗೊತ್ತಾಗದಿದ್ದರೆ ನಿಂತು ಕೇಳಬಾರದೇ ಅದು, ಅಂದೆ.

"ಹಳೇ ಸ್ಕ್ರಿಪ್ಟಿನ್ಯಾಗ ಆ ಸಾಲ ಇಲ್ಲ ಆಯಿ. ನಿಂತ್ರ ಅವೆಲ್ಲಾ ನಿಲ್ತಾವ. ಹೊಸಾದು ಬರ್ಯೋರ ಮೊದಲನೇ ಸಾಲಿನ್ಯಾಗ ಹೇಳಬೇಕು. ಬರೇ ಸಂಖ್ಯೆ. ಮತ್ತೊಂದು ಸಾಲಿಂದ ಲೆಕ್ಕಾ ಹಾಕಿ ತಗೊಳ್ಳೂ ಹಂಗ ಇರಬಾರದು."

ತಿದ್ದಿ ಮತ್ತೆ ಕಟ್ಟಿದಳು. ಆಪರೇಶನ್ನಿಗೆ ಕರೆದೊಯ್ಯುವ ಹಿಂದಿನ ದಿನ ಖಾನಾಪುರದಲ್ಲಿ ಅಕ್ಷರಗಳು ಬಂದವು. ಅಕ್ಕ ಒಂದೊಂದನ್ನೇ ಮುಟ್ಟಿದಳು. ಆಪರೇಶನ್ ಬ್ಯಾಡ, ಮನ್ಯಾಗ ಇರ್ತೀನಿ, ಎಂದಿತು ಗಂಡಸಿನ ದನಿ. ಮಗ ಎದ್ದು ಹೊರಗೆ ಹೋದ.

ನಾನು ಅಳುತ್ತಲೇ ಅವಳ ಕಾಲು ಹಿಡಿದು, ನಾವೆಲ್ಲ ಡಾಕ್ಟರಿಗೆ ಹೂಂ ಅಂದಾಗಿದೆ, ಇದೊಂದು ಸಲ ನೋಡೋಣ ಅಂದೆ. ಅಕ್ಕ ಮತ್ತೆ ಅಕ್ಷರಗಳನ್ನು ಮುಟ್ಟಿದಳು, ಗಂಡಸಿನ ದನಿ ಓದಿತು.

"ಮೊದಲ ನನ್ನ ಕೇಳೂದು, ತಂಗಿ. ಅಳೂದು ಆಮ್ಯಾಲ."