ಶಿನಾಣ್ಯೊ ಚಿತ್ರಕ್ಕೆ ಸಿಂಪಿಯ ಹೆಸರು

ಪಣಜಿಯ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ನಾನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನೋಡಿಕೊಳ್ಳುತ್ತಿದ್ದೆ. ಆ ವರ್ಷ ನನ್ನ ಪಾಲಿಗೆ ಬಂದದ್ದು ಗೋವಾದವರು ಶಿನಾಣ್ಯೊ ಎನ್ನುವ, ಕಡಲ ಬಂಡೆಗೆ ಅಂಟಿ ಬೆಳೆಯುವ ಹಸಿರು ಚಿಪ್ಪಿನ ಜೀವಿ. ಅದರ ವೀರ್ಯಾಣು ರೂಪುಗೊಳ್ಳುವುದನ್ನು ಹಂತಹಂತವಾಗಿ ಚಿತ್ರ ತೆಗೆಯಬೇಕಿತ್ತು. ಇಳಿತದ ಹೊತ್ತಿಗೆ ಬಂಡೆಯ ಮೇಲೆ ಕೂತು ನಾನೇ ಚಾಕುವಿನಿಂದ ಕೆರೆದು ತರುತ್ತಿದ್ದೆ. ಎಷ್ಟೋ ಸಲ ಅಂಗೈ ಕೊಯ್ದುಕೊಂಡಿದ್ದೇನೆ.

ಮೊದಲು ದುಂಡಗಿದ್ದ ಕೋಶ ಬೇಡದ್ದನ್ನೆಲ್ಲ ಕಳಚಿಕೊಂಡು, ಮುಂದೆ ಚೂಪು ಟೊಪ್ಪಿಗೆ, ಹಿಂದೆ ಬಾಲ ಬೆಳೆಸಿಕೊಳ್ಳುತ್ತದೆ. ಅದಕ್ಕೆ ಕಸುವು ಕೊಡುವ ಮೈಟೊಕಾಂಡ್ರಿಯಗಳು ಮೊದಲು ಚೆದುರಿರುತ್ತವೆ. ಆಮೇಲೆ ಒಂದರಲ್ಲೊಂದು ಬೆರೆತು ಬಾಲದ ಬುಡದಲ್ಲಿ ಐದು ಗುಂಡುಗಳಾಗಿ ಕೂರುತ್ತವೆ. ಆ ಐದೂ ಒಂದೇ ಚಿತ್ರದಲ್ಲಿ ಸಿಗಲು ನನಗೆ ಇಡೀ ಮಳೆಗಾಲ ಬೇಕಾಯಿತು.

ನಮ್ಮ ಹಿರಿಯ ವಿಜ್ಞಾನಿ ಬೆಳಗಾವಿಯವರು. ಅವರ ಸಂಶೋಧನೆ ಸಿಂಪಿಯ ಮೇಲೆ; ಅದೂ ಬಂಡೆಗೆ ಅಂಟುವ ಇನ್ನೊಂದು ಚಿಪ್ಪಿನ ಜೀವಿ. ತಮ್ಮ ಮಾದರಿಗಳನ್ನು ಫ್ರಿಜ್ಜಿನ ಹೊರಗೇ ಮರೆತಿಟ್ಟು ಕೆಡಿಸಿಕೊಂಡಿದ್ದರು. ಒಂದು ಬೆಳಿಗ್ಗೆ ಅವರ ವರದಿಯ ಕರಡಿನಲ್ಲಿ ನನ್ನ ಚಿತ್ರ ಕಂಡಿತು. ಕೆಳಗೆ 'ಸಿಂಪಿಯ ವೀರ್ಯಾಣು' ಎಂದಿತ್ತು.

"ಸರ್, ಇದು ಶಿನಾಣ್ಯೊದ್ರಿ. ಬಾಲದ ಬುಡದಾಗ ಐದು ಗುಂಡು ಅದಾವ, ಸಿಂಪಿಗೆ ನಾಕು ಇರ್ತಾವ. ಟೊಪ್ಪಿಗೀನೂ ಹಿಂಗ ಉದ್ದ ಇರಂಗಿಲ್ಲ."

"ಅದನ್ನ ಯಾರು ಎಣಿಸ್ಕೋತ ಕೂಡ್ತಾರವಾ?"

"ನಾ ಎಣಸೇನ್ರಿ. ತಗೀರಿ ಅದನ್ನ."

ಅವರು ನಕ್ಕರು. "ಹೆಣ್ಮಗಳು ನೀನು. ವೀರ್ಯಾಣು ಬಾಲದ ಸಲುವಾಗಿ ಹಿಂಗ ಜಗಳಾಡಾಕತ್ರ ಮಂದಿ ಏನಂದಾರು?"

ಕಿವಿ ಸುಟ್ಟ ಹಾಗಾಯಿತು. ಬಂಡೆ ಕೆರೆಸುವಾಗ, ಭಾನುವಾರವೂ ಕೆಲಸಕ್ಕೆ ಕರೆಸುವಾಗ ನಾನು ಹೆಣ್ಣುಮಗಳೆಂದು ಇವರಿಗೆ ಹೊಳೆದಿರಲಿಲ್ಲ.

ಮರುವಾರದ ಸಭೆಯಲ್ಲಿ ಅದೇ ಚಿತ್ರ ಪರದೆಯ ಮೇಲೆ ಬಂತು. ನಾನು ಎದ್ದೆ. "ಈ ಚಿತ್ರ ನನ್ನದು. ಸಿಂಪಿಯದಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಪರದೆಯ ಹತ್ತಿರ ಹೋಗಿ ಐದನ್ನೂ ಬೆರಳಿಟ್ಟು ತೋರಿಸಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ನಿರ್ದೇಶಕರು ಚಿತ್ರ ತೆಗೆಸಿದರು. ನಾಲ್ಕೇ ದಿನಕ್ಕೆ ಆ ಹಿರಿಯರು ನನ್ನಿಂದ ಮೈಕ್ರೋಸ್ಕೋಪ್ ಕೋಣೆಯ ಕೀಲಿ ಇಸಿದುಕೊಂಡು, ನೀರಿನ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು.

ಕ್ಯಾಂಟೀನಿನಲ್ಲಿ ಧಾರವಾಡದ ಸಹೋದ್ಯೋಗಿಯೊಬ್ಬಳು ಪಕ್ಕಕ್ಕೆ ಬಂದು, "ಭಾಳ ಚಲೋ ಮಾಡಿದ್ರಿ, ಅಕ್ಕಾ" ಎಂದು ಪಿಸುಗುಟ್ಟಿದಳು. ಸಭೆಯಲ್ಲಿ ಅವಳು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದಳು.

"ಅಲ್ಲೇ ಇದನ್ನ ಅನಬೇಕಿತ್ತಲ್ಲವಾ" ಎಂದೆ.

ವರ್ಷದೊಳಗೆ ಆ ಕೆಲಸ ಬಿಟ್ಟು ಬೇರೆಡೆ ಸೇರಿದೆ. ಹಿರಿಯರ ಮೇಲಿನ ಸಿಟ್ಟಿಗಿಂತ ಆ ಪಿಸುಮಾತಿನ ಮೇಲಿನ ಸಿಟ್ಟೇ ಇವತ್ತಿಗೂ ಹೆಚ್ಚು ಸುಡುತ್ತದೆ.